ಸಂಘದ ಚುನಾವಣೆ ಯಾವ ದಿನ ನಡೆಯುತ್ತದೆ?

ಹಳ್ಳಿಯಲ್ಲಿ ಬೆಳಗಾಗುವುದು ಕೋಳಿಯ ಕೂಗಿನಿಂದ ಎಂದು ಹಿಂದಿನವರು ಬರೆದರು. ನಮ್ಮ ಬೆಳಕವಾಡಿಯ ಸೀಮೆಯಲ್ಲಿ ಈಗ ಬೆಳಗಾಗುವುದು ಹಾಲಿನ ಕ್ಯಾನುಗಳ ಸದ್ದಿನಿಂದ. ಇನ್ನೂ ನಸುಗತ್ತಲೆ ಇರುವಾಗಲೇ ಹೆಂಗಸರು ಕೈಯಲ್ಲಿ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುತ್ತಾರೆ. ಹಾಲನ್ನು ಅವರ ಕಣ್ಣೆದುರಿಗೇ ಅಳೆಯುತ್ತಾರೆ. ಜಿಡ್ಡಿನ ಅಂಶ ಎಷ್ಟಿದೆಯೆಂದು ಪರೀಕ್ಷಿಸುತ್ತಾರೆ. ಎಷ್ಟು ಲೀಟರು, ಎಷ್ಟು ಜಿಡ್ಡು ಎಂಬುದನ್ನು ಚೀಟಿಯಲ್ಲಿಯೋ ಪುಸ್ತಕದಲ್ಲಿಯೋ ನಮೂದಿಸಿ ಕೈಗೆ ಕೊಡುತ್ತಾರೆ. ಅರ್ಧ ಲೀಟರು ಹಾಲಿಗೂ ಲೆಕ್ಕವುಂಟು, ಗುರುತುಂಟು. ಇದು ಬಹಳ ಮೆಚ್ಚತಕ್ಕ ಸಂಗತಿ.

ಈ ಡೈರಿಯು ಯಾವನೋ ಒಬ್ಬ ವರ್ತಕನ ಅಂಗಡಿಯಲ್ಲ. ಅದು ಹಾಲು ಉತ್ಪಾದಕರ ಸಹಕಾರ ಸಂಘ. ಷೇರು ಹಣ ಕಟ್ಟಿದ ಪ್ರತಿಯೊಬ್ಬ ಸದಸ್ಯನೂ ಅದರ ಒಡೆಯ. ಸದಸ್ಯರೆಲ್ಲರೂ ದಿನವೂ ಕುಳಿತು ಆಡಳಿತ ನಡೆಸುವುದು ಆಗದ ಮಾತಾದ್ದರಿಂದ, ಐದು ವರ್ಷಗಳಿಗೊಮ್ಮೆ ತಮ್ಮೊಳಗಿಂದಲೇ ಕೆಲವರನ್ನು ನಿರ್ದೇಶಕರನ್ನಾಗಿ ಆರಿಸುತ್ತಾರೆ. ಆ ನಿರ್ದೇಶಕರು ಅಧ್ಯಕ್ಷನನ್ನು ಆರಿಸಿಕೊಳ್ಳುತ್ತಾರೆ. ಈ ಆಡಳಿತ ಮಂಡಲಿಯ ಚುನಾವಣೆ ಹೇಗೆ ನಡೆಯುತ್ತದೆ, ಅದರಲ್ಲಿರುವ ಕುಂದುಗಳೇನು, ಅವುಗಳನ್ನು ತಿದ್ದುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ನನಗೆ ತಿಳಿದಮಟ್ಟಿಗೆ ವಿವರಿಸುತ್ತೇನೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಡೈರಿಗೆ ಹಾಲು ಹಾಕುವ ಮನೆಗಳಿಂದಲೇ ಬಂದವರು. ಎಷ್ಟೋ ಮಂದಿಯ ಫೀಜು, ಬಸ್ಸಿನ ಪಾಸು, ಪುಸ್ತಕ ಎಲ್ಲವೂ ಹಾಲಿನ ಬಟವಾಡೆಯ ಹಣವೇ. ಆದ್ದರಿಂದ ಇದು ನಮಗೆ ಹೊರಗಿನ ವಿಷಯವೆಂದು ಯಾರೂ ತಿಳಿಯಬೇಕಾಗಿಲ್ಲ.

ಈ ವಿಷಯದ ಕಡೆಗೆ ನನ್ನ ಮನಸ್ಸು ತಿರುಗಿದ್ದು ಒಂದು ಸಣ್ಣ ಪ್ರಸಂಗದಿಂದ. ನನ್ನ ಸೋದರತ್ತೆಯೊಬ್ಬರು ನಮ್ಮ ಸೀಮೆಯದೇ ಒಂದು ಹಳ್ಳಿಯಲ್ಲಿದ್ದಾರೆ. ಊರಿನ ಹೆಸರೂ ಸಂಘದ ಹೆಸರೂ ಇಲ್ಲಿ ಬೇಡ. ಮಾವನವರು ತೀರಿಕೊಂಡ ಮೇಲೆ ಷೇರು ಅತ್ತೆಯ ಹೆಸರಿಗೆ ಬಂದಿತು. ಎರಡು ಹಸು ಕಟ್ಟಿಕೊಂಡು, ಎರಡು ಹೊತ್ತೂ ತಪ್ಪದೆ ಹಾಲು ಹಾಕಿಯೇ ಅವರು ಮಕ್ಕಳನ್ನು ಓದಿಸಿದರು. ಕೆಲವು ವರ್ಷಗಳ ಹಿಂದೆ ಆ ಸಂಘಕ್ಕೆ ಚುನಾವಣೆ ಬಂದಾಗ ಒಳ್ಳೆಯ ಸೀರೆ ಉಟ್ಟು, ಪಾಸುಪುಸ್ತಕ ಹಿಡಿದು ಮತ ಹಾಕಲು ಹೋದರು. ನಾನೂ ಜೊತೆಗೆ ಹೋಗಿದ್ದೆ. ಮೇಜಿನ ಹಿಂದಿದ್ದವರು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, "ನಿಮ್ಮ ಹೆಸರು ಅನರ್ಹರ ಪಟ್ಟಿಯಲ್ಲಿದೆ, ತಾಯಿ. ಮಹಾಸಭೆಗೆ ನೀವು ಹಾಜರಾಗಿಲ್ಲ" ಎಂದರು.

ಅತ್ತೆ ಜಗಳ ಮಾಡಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮಾತ್ರ ಹೇಳಿದರು: "ನಾನು ಹೋಗಿದ್ದೆ ಕಣಪ್ಪ. ಗಂಡಸ್ರು ಒಳಗೆ ಕುಂತಿದ್ರು, ನಾವು ಹೆಂಗಸ್ರು ಜಗುಲಿ ಮೇಲೆ ಕುಂತಿದ್ದೊ. ರುಜು ಹಾಕೋ ಬುಕ್ಕು ನಮ್ ತಾವ್ಕೆ ಬರ್ನೇ ಇಲ್ಲ."

ಅಂದು ಮೋಸ ನಡೆಯಿತೆಂದು ನಾನು ಹೇಳುತ್ತಿಲ್ಲ. ಪುಸ್ತಕ ಜಗುಲಿಗೆ ಬಾರದಿದ್ದುದು ಅಜಾಗ್ರತೆಯೂ ಆಗಿರಬಹುದು. ಆದರೆ ಫಲ ಮಾತ್ರ ಒಂದೇ. ಎರಡು ಹೊತ್ತು ಹಾಲು ಹಾಕಿದವರಿಗೆ ಮತವಿಲ್ಲದೆ ಹೋಯಿತು. ಅಂದಿನಿಂದ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಸಂಘದ ಚುನಾವಣೆಯು ಮತಪೆಟ್ಟಿಗೆ ಇಟ್ಟ ದಿನ ನಡೆಯುವುದಲ್ಲ. ಹಾಜರಿ ಪುಸ್ತಕ ತೆರೆದ ದಿನ, ಮತದಾರರ ಪಟ್ಟಿ ಬರೆದ ದಿನವೇ ಅದು ಮುಕ್ಕಾಲು ಪಾಲು ನಡೆದುಹೋಗಿರುತ್ತದೆ.

ಈಗ ಮೂಲತತ್ತ್ವವನ್ನು ನೋಡೋಣ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ 28 ಮಂದಿ ಸೇರಿ ಒಂದು ಸಹಕಾರಿ ಅಂಗಡಿಯನ್ನು ತೆರೆದರು. ಅವರಲ್ಲಿ ನೇಕಾರರು ಹಲವರು. ಎಷ್ಟೇ ಬಂಡವಾಳ ಹಾಕಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಅವರು ಎತ್ತಿಹಿಡಿದ ನಿಯಮ. ಕಂಪನಿಗಳಲ್ಲಿ ಹೀಗಲ್ಲ, ಅಲ್ಲಿ ಷೇರು ಹೆಚ್ಚಿದಂತೆ ಮತವೂ ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಬಹುಮಹಡಿ ಮನೆಗಳ ಒಡೆಯರು ಕಟ್ಟಿಕೊಳ್ಳುವ ಸಂಘಗಳನ್ನು ತೆಗೆದುಕೊಂಡರೂ, 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯು ಬಹುಮತವನ್ನು ಎಣಿಸುವುದು ಆಸ್ತಿಯಲ್ಲಿ ಅವರವರಿಗಿರುವ ಪಾಲಿನ ಮೇಲೆಯೇ. ಸಹಕಾರ ಸಂಘದಲ್ಲಿ ಮಾತ್ರ ಹತ್ತು ಹಸುವಿನ ಒಡೆಯನೂ ಒಂದು ಹಸುವಿನ ಮುದುಕಿಯೂ ಸಮಾನರು. ಇದೇ ಸಹಕಾರ ತತ್ತ್ವದ ತಿರುಳು.

ಈ ತತ್ತ್ವ ನಮ್ಮ ನಾಡಿಗೆ ಬಂದು ನೂರಿಪ್ಪತ್ತು ವರ್ಷಗಳಾದುವು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಭಾರತದಲ್ಲಿ ಜಾರಿಗೆ ಬಂದದ್ದು 1904ರಲ್ಲಿ. ಮರು ವರ್ಷವೇ, ಎಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಆದ ಸಹಕಾರ ಶಾಸನವನ್ನು ಮಾಡಿಕೊಂಡಿತು. ಈಗ ನಮ್ಮ ರಾಜ್ಯದ ಸಹಕಾರ ಸಂಘಗಳನ್ನು ಆಳುವುದು 1959ರ ಕಾಯಿದೆ. ಗುಜರಾತಿನ ಆನಂದ್ ಮಾದರಿಯನ್ನು ಅನುಸರಿಸಿ ನಮ್ಮ ಹಾಲಿನ ಸಂಘಗಳು ಹಳ್ಳಿಹಳ್ಳಿಗೂ ಹರಡಿದುವು. ನಮ್ಮ ಜಿಲ್ಲೆಯ ಹಳ್ಳಿಯ ಸಂಘಗಳ ಮೇಲೆ, ಮದ್ದೂರು ತಾಲ್ಲೂಕು ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಒಕ್ಕೂಟ. ಅದರ ಮೇಲೆ ರಾಜ್ಯದ ಮಹಾಮಂಡಲಿ. ಕೆಳಗಿನ ಮೆಟ್ಟಿಲು ಭದ್ರವಾಗಿದ್ದರೆ ತಾನೇ ಮೇಲಿನ ಮೆಟ್ಟಿಲು?

ಚುನಾವಣೆಯ ವಿಚಾರದಲ್ಲಿ ಸರ್ಕಾರವು ಸುಮ್ಮನೆ ಕುಳಿತಿಲ್ಲ. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿಯು, ಸಹಕಾರ ಸಂಘ ಕಟ್ಟಿಕೊಳ್ಳುವುದನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಆಡಳಿತ ಮಂಡಲಿಯಲ್ಲಿ 21ಕ್ಕೆ ಮೀರಿ ನಿರ್ದೇಶಕರಿರಬಾರದು, ಅವಧಿ ಐದು ವರ್ಷ, ಮಹಿಳೆಯರಿಗೆ ಎರಡು ಸ್ಥಾನ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಒಂದು ಸ್ಥಾನ, ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಎಂದೆಲ್ಲ ಅದರಲ್ಲಿ ಗೊತ್ತುಮಾಡಲಾಗಿತ್ತು. ರಾಜ್ಯಗಳ ಶಾಸನಸಭೆಗಳ ಅನುಮೋದನೆ ಪಡೆಯಲಿಲ್ಲವೆಂಬ ಕಾರಣದಿಂದ, ಈ ವಿಧಿಗಳು ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿತು. ಆದರೆ ಅಷ್ಟರಲ್ಲಿ ಕರ್ನಾಟಕವು ತನ್ನ ಕಾಯಿದೆಯನ್ನೇ ಆ ರೀತಿ ತಿದ್ದಿಕೊಂಡು, ಚುನಾವಣೆಗಳನ್ನು ನಡೆಸಲು ಪ್ರತ್ಯೇಕವಾದ ಸಹಕಾರ ಚುನಾವಣಾ ಪ್ರಾಧಿಕಾರವನ್ನು ಏರ್ಪಡಿಸಿತ್ತು. ಹಿಂದಿನ ಮಂಡಲಿಯೇ ಮುಂದಿನ ಚುನಾವಣೆಗೂ ಯಜಮಾನನಾಗಬಾರದು ಎಂಬುದು ಇದರ ಉದ್ದೇಶ. ಉದ್ದೇಶ ಯೋಗ್ಯವಾದದ್ದು.

ಹಾಗಾದರೆ ಕುಂದು ಎಲ್ಲಿದೆ? ಚುನಾವಣಾಧಿಕಾರಿ ಹೊರಗಿನಿಂದ ಬರುತ್ತಾನೆ. ಆದರೆ ಅವನು ಹಿಡಿಯುವ ಪಟ್ಟಿ ಸಂಘದ ಪುಸ್ತಕಗಳಿಂದಲೇ ಹುಟ್ಟಬೇಕು. ಇಲ್ಲಿಯೇ ಮೊದಲನೆಯ ತೊಡಕು. ಸದಸ್ಯನಾಗಿದ್ದ ಮಾತ್ರಕ್ಕೆ ಮತ ಹಾಕುವ ಅಧಿಕಾರ ಬರುವುದಿಲ್ಲ. ಗೊತ್ತಾದಷ್ಟು ಮಹಾಸಭೆಗಳಿಗೆ ಹಾಜರಾಗಿರಬೇಕು, ಬೈಲಾದಲ್ಲಿ ಹೇಳಿದಷ್ಟು ವ್ಯವಹಾರವನ್ನು ಸಂಘದೊಡನೆ ಮಾಡಿರಬೇಕು ಎಂಬ ನಿಬಂಧನೆಯನ್ನು ಆ ತಿದ್ದುಪಡಿಗಳ ಕಾಲದಲ್ಲಿ ನಮ್ಮ ಕಾಯಿದೆಗೆ ಸೇರಿಸಿದರು. ಚುನಾವಣೆ ಹತ್ತಿರವಾದಾಗ ಕಂತೆಗಟ್ಟಲೆ ಹೊಸ ಸದಸ್ಯರನ್ನು ಸೇರಿಸಿ, ಹಸುವಿಲ್ಲದವರಿಂದ ಡೈರಿಯ ಮಂಡಲಿಯನ್ನು ಆರಿಸುವ ದುರಭ್ಯಾಸವನ್ನು ಈ ನಿಬಂಧನೆ ತಡೆಯುತ್ತದೆ. ಆದ್ದರಿಂದ ಅದನ್ನು ಕಿತ್ತೊಗೆಯಬೇಕೆಂದು ನನ್ನ ವಾದವಲ್ಲ. ಆದರೆ ಹಾಜರಿಗೆ ಮತದ ಬೆಲೆ ಕಟ್ಟಿದ ಮೇಲೆ ಹಾಜರಿ ಪುಸ್ತಕವು ಮತಪೆಟ್ಟಿಗೆಯಷ್ಟೇ ಪವಿತ್ರವಾದ ವಸ್ತುವಾಯಿತು. ಮತಪೆಟ್ಟಿಗೆಗೆ ಅರಗಿನ ಮುದ್ರೆ ಉಂಟು, ಕಾವಲುಂಟು. ಹಾಜರಿ ಪುಸ್ತಕಕ್ಕೆ ಏನುಂಟು?

ಕರಡು ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಪಟ್ಟಿ ಮಾಡಬೇಕೆಂದು ಕ್ರಮವಿದೆ. ಆದರೆ ಪ್ರಕಟಣೆ ಎಂದರೆ ಅನೇಕ ಕಡೆ ಸಂಘದ ನೋಟೀಸು ಹಲಗೆಯ ಮೇಲೆ ಒಂದು ಕಾಗದ ಅಂಟಿಸುವುದು ಎಂದೇ ಅರ್ಥ. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿರುವವರು ಅದನ್ನು ಓದುವುದಾದರೂ ಎಂತು? ಓದು ಬಾರದವರ ಗತಿಯೇನು? ಗಡುವು ಕಳೆದ ಮೇಲೆ ವಿಷಯ ತಿಳಿದವರಲ್ಲಿ ಅನುಕೂಲಸ್ಥರು ಉಚ್ಚ ನ್ಯಾಯಾಲಯಕ್ಕೆ ಹೋಗಿ, ಮತ ಹಾಕಲು ಮಧ್ಯಂತರ ಆಜ್ಞೆ ತರುತ್ತಾರೆ. ಅಂಥವರ ಮತಗಳನ್ನು ಬೇರೆಯಾಗಿ ಇಟ್ಟು ಫಲಿತಾಂಶವನ್ನು ತಡೆಹಿಡಿದ ಸಂಗತಿಗಳು ನಮ್ಮ ರಾಜ್ಯದಲ್ಲಿ ಅಪರೂಪವಲ್ಲ. ಅನುಕೂಲವಿಲ್ಲದವರು ನನ್ನ ಅತ್ತೆಯಂತೆ ಮನೆಗೆ ಹಿಂದಿರುಗುತ್ತಾರೆ.

ಎರಡನೆಯದು ಅವಿರೋಧ ಆಯ್ಕೆಯ ವಿಚಾರ. ನಮ್ಮ ಹಳ್ಳಿಗಳಲ್ಲಿ ಅವಿರೋಧವೆಂದರೆ ಹೆಮ್ಮೆ. ಊರೊಗ್ಗಟ್ಟು, ಖರ್ಚಿಲ್ಲ, ಹಗೆಯಿಲ್ಲ ಎನ್ನುತ್ತಾರೆ. ಅರಳೀಕಟ್ಟೆಯ ಮೇಲೆ ಎಲ್ಲರೂ ಕುಳಿತು, ಎಲ್ಲರ ಮಾತನ್ನೂ ಕೇಳಿ ಒಮ್ಮತಕ್ಕೆ ಬಂದಿದ್ದರೆ ಅದು ಹೆಮ್ಮೆಯೇ ಸರಿ. ಆದರೆ ನಾಮಪತ್ರ ಸಲ್ಲಿಸುವ ದಿನವೇ ಹೆಚ್ಚು ಮಂದಿಗೆ ತಿಳಿಯದೆ ಕಳೆದುಹೋದ ಕಾರಣ ವಿರೋಧವಿಲ್ಲದಾದರೆ, ಅದು ಒಮ್ಮತವಲ್ಲ, ಮೌನ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಮೂರನೆಯದು ಎಣಿಕೆಯ ವಿಚಾರ. ಎಷ್ಟು ಸ್ಥಾನವೋ ಅಷ್ಟು ಮತ ಎಂಬುದು ಸಾಮಾನ್ಯ ಪದ್ಧತಿ. ಉದಾಹರಣೆಗೆ, 300 ಮಂದಿ ಮತದಾರರು, 7 ಸಾಮಾನ್ಯ ಸ್ಥಾನಗಳು ಇವೆಯೆಂದು ಭಾವಿಸೋಣ. 160 ಮಂದಿ ಒಂದು ಬಣ, 140 ಮಂದಿ ಇನ್ನೊಂದು ಬಣ. ಎಲ್ಲರೂ ತಮ್ಮ ಏಳು ಮತಗಳನ್ನೂ ತಮ್ಮ ಬಣಕ್ಕೇ ಹಾಕಿದರೆ ಮೊದಲ ಬಣದ ಏಳು ಮಂದಿಗೂ 160 ಮತ, ಎರಡನೆಯ ಬಣದ ಏಳು ಮಂದಿಗೂ 140 ಮತ ಬೀಳುತ್ತವೆ. ಏಳಕ್ಕೆ ಏಳು ಸ್ಥಾನವೂ ಒಂದೇ ಕಡೆಗೆ! ಊರಿನ ಹೆಚ್ಚು ಕಡಮೆ ಅರ್ಧ ಜನ ಐದು ವರ್ಷ ಬಾಯಿಲ್ಲದವರಾಗುತ್ತಾರೆ. ಇದಕ್ಕೆ ಬೇರೆ ಉಪಾಯಗಳಿಲ್ಲದೆ ಇಲ್ಲ. ಇಂಗ್ಲೆಂಡಿನಲ್ಲಿ 1867ರಿಂದ 1885ರ ವರೆಗೆ ಮೂರು ಸ್ಥಾನಗಳ ಕ್ಷೇತ್ರಗಳಲ್ಲಿ ಮತದಾರನಿಗೆ ಎರಡೇ ಮತ ಕೊಡುತ್ತಿದ್ದರು. ಅದೇ ರೀತಿ ನಮ್ಮ ಉದಾಹರಣೆಯಲ್ಲಿ ಏಳರ ಬದಲು ನಾಲ್ಕೇ ಮತ ಕೊಟ್ಟರೆ, ಎರಡು ಬಣಗಳೂ ಒಗ್ಗಟ್ಟಾಗಿ ನಡೆದುಕೊಂಡ ಪಕ್ಷದಲ್ಲಿ, ಮೊದಲ ಬಣಕ್ಕೆ ನಾಲ್ಕೂ ಎರಡನೆಯದಕ್ಕೆ ಮೂರೂ ಸ್ಥಾನಗಳು ಬರುತ್ತವೆ. ಆಡಳಿತ ನಡೆಸುವವರು ಬಹುಮತದವರೇ. ಆದರೆ ಲೆಕ್ಕ ಕೇಳುವವರೂ ಅದೇ ಕೋಣೆಯಲ್ಲಿ ಇರುತ್ತಾರೆ. ಇದಕ್ಕೆ ಕಾನೂನು ತಿದ್ದಬೇಕು. ಒಂದು ದಿನದಲ್ಲಿ ಆಗುವ ಕೆಲಸವಲ್ಲ.

ನಾಲ್ಕನೆಯದು ಗುಟ್ಟಿನ ವಿಚಾರ. ರಹಸ್ಯ ಮತದಾನವು ಆಸ್ಟ್ರೇಲಿಯದಲ್ಲಿ 1856ರಲ್ಲಿ ಆರಂಭವಾಗಿ, ಇಂಗ್ಲೆಂಡಿಗೆ 1872ರಲ್ಲಿ ಬಂತು. ಚೀಟಿಯ ಮೇಲೆ ಹೆಸರಿಲ್ಲ, ಆದ್ದರಿಂದ ಗುಟ್ಟು ಬಯಲಾಗದು ಎಂದು ನಾವು ನಂಬುತ್ತೇವೆ. ಆದರೆ ಒಂದೇ ಚೀಟಿಯಲ್ಲಿ ಏಳು ಗುರುತು ಒತ್ತುವ ಕಡೆ ಇದು ಪೂರ್ತಿ ನಿಜವಲ್ಲ. ಲೆಕ್ಕ ಬಲ್ಲ ಗೆಳೆಯನೊಬ್ಬನು ನನಗೆ ತೋರಿಸಿಕೊಟ್ಟ ಸಂಗತಿ ಇದು. ಒಂದು ಬಣದಲ್ಲಿ 7, ಎದುರಿಗೆ 8 ಅಭ್ಯರ್ಥಿಗಳಿದ್ದಾರೆನ್ನಿ. ದುಡ್ಡು ಕೊಟ್ಟವನು ಮತದಾರನಿಗೆ, "ನಮ್ಮವರಲ್ಲಿ ಇಂಥವನನ್ನು ಬಿಡು, ಅವರಲ್ಲಿ ಇಂಥವನಿಗೆ ಒಂದು ಒತ್ತು" ಎಂದು ಹೇಳಿಕೊಟ್ಟರೆ, ಏಳನ್ನು ಎಂಟರಿಂದ ಗುಣಿಸಿ 56 ಬೇರೆ ಬೇರೆ ಗುರುತುಗಳಾಗುತ್ತವೆ. ಎಣಿಕೆಯ ಮೇಜಿನ ಬಳಿ ಕುಳಿತ ಅವನ ಏಜೆಂಟನು ಚೀಟಿಗಳನ್ನು ನೋಡಿಯೇ 56 ಮಂದಿ ಮಾತಿಗೆ ನಡೆದರೋ ಇಲ್ಲವೋ ಎಂದು ಪತ್ತೆ ಹಚ್ಚಬಹುದು. ಇದಕ್ಕೆ ಪರಿಹಾರ ಸುಲಭ. ಎಲ್ಲ ಪೆಟ್ಟಿಗೆಗಳ ಚೀಟಿಗಳನ್ನೂ ಮೊದಲು ಬೆರಸಬೇಕು. ಒಂದೊಂದು ಚೀಟಿಯನ್ನೂ ಪೂರ್ತಿಯಾಗಿ ಬಿಚ್ಚಿ ತೋರಿಸುವ ಬದಲು, ಒಂದು ಸುತ್ತಿಗೆ ಒಬ್ಬ ಅಭ್ಯರ್ಥಿಯ ಸಾಲು ಮಾತ್ರ ಕಾಣುವಂತೆ ಉಳಿದ ಭಾಗವನ್ನು ರಟ್ಟಿನಿಂದ ಮುಚ್ಚಿ ಎಣಿಸಬೇಕು. ಹೊತ್ತು ಹೆಚ್ಚು ಹಿಡಿಯುತ್ತದೆ. ಆದರೆ ಬಡವನ ಗುಟ್ಟು ಉಳಿಯುತ್ತದೆ.

ಐದನೆಯದು ಲೆಕ್ಕಪತ್ರದ ವಿಚಾರ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳರ ಒಂದನೆಯ ಪರಾಂತಕನ ಕಾಲದ, ಸುಮಾರು 919 ಮತ್ತು 921ನೆಯ ಇಸವಿಗಳ ಶಾಸನಗಳಿವೆ. ಅಲ್ಲಿನ ಬ್ರಾಹ್ಮಣ ಸಭೆಯು 30 ವಾರ್ಡುಗಳಿಂದ ಹೆಸರುಗಳನ್ನು ಓಲೆಯಲ್ಲಿ ಬರೆಸಿ, ಗಡಿಗೆಯಲ್ಲಿ ಹಾಕಿ, ಚಿಕ್ಕ ಹುಡುಗನಿಂದ ಎತ್ತಿಸಿ ಸಮಿತಿಗಳನ್ನು ಆರಿಸುತ್ತಿತ್ತು. ಭೂಮಿಯಿಲ್ಲದವರಿಗೂ ವೇದ ಬಾರದವರಿಗೂ ಅಲ್ಲಿ ಅವಕಾಶವಿರಲಿಲ್ಲ. ಆ ಭಾಗ ನಮಗೆ ಬೇಡ. ಆದರೆ ಒಂದು ನಿಯಮ ಮಾತ್ರ ಇಂದಿಗೂ ಬೆಲೆಯುಳ್ಳದ್ದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನೂ ಅವನ ಹತ್ತಿರದ ಬಂಧುಗಳ ಹೆಸರನ್ನೂ ಗಡಿಗೆಗೆ ಹಾಕುತ್ತಿರಲಿಲ್ಲ. ನಮ್ಮಲ್ಲಿಯೂ ಮಂಡಲಿಯ ಐದು ವರ್ಷದ ಜಮಾಖರ್ಚನ್ನು, ನಾಮಪತ್ರದ ದಿನಕ್ಕೆ ಮುಂಚೆ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಓದಿ ಹೇಳಬೇಕು. ಲೆಕ್ಕ ಕೇಳಿದ ಮೇಲೆ ಮತ ಹಾಕುವುದಕ್ಕೂ ಕೇಳದೆ ಹಾಕುವುದಕ್ಕೂ ಬಹಳ ಅಂತರವಿದೆ.

ಇಷ್ಟು ಕುಂದುಗಳನ್ನು ಎಣಿಸಿದ ಮೇಲೆ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಬಹುದು. ದೊಡ್ಡ ತತ್ತ್ವಗಳನ್ನು ಕಾಪಾಡುವುದು ಅನೇಕ ವೇಳೆ ಸಣ್ಣ ಸಾಧನಗಳೇ. 1951-52ರ ಮೊದಲ ಮಹಾಚುನಾವಣೆಯಲ್ಲಿ, ಓದು ಬಾರದವರೂ ಮತ ಹಾಕುವಂತೆ, ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು. ಒಬ್ಬನೇ ಎರಡು ಸಲ ಮತ ಹಾಕದಂತೆ ತಡೆಯುವುದು ಬೆರಳಿನ ಮೇಲಿನ ಒಂದು ಗೆರೆ ಮಸಿ. 1962ರಿಂದ ಅದನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿರುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ.

ಅಂಥ ಸಣ್ಣ ಸಾಧನವೊಂದನ್ನು ನಾನು ಸೂಚಿಸುತ್ತೇನೆ. ಅದು ಹಾಜರಿ ಚೀಟಿ. ಅರ್ಧ ಲೀಟರು ಹಾಲಿಗೆ ಚೀಟಿ ಕೊಡುವ ಸಂಘವು ಮಹಾಸಭೆಗೆ ಬಂದ ಸದಸ್ಯನಿಗೂ ಒಂದು ಚೀಟಿ ಕೊಡಲಿ. ಸಭೆಯ ತಾರೀಖು, ಸದಸ್ಯನ ಹೆಸರು, ಷೇರು ಸಂಖ್ಯೆ, ಕಾರ್ಯದರ್ಶಿಯ ರುಜು, ಸಂಘದ ಮೊಹರು, ಇಷ್ಟು ಸಾಕು. ಪಾಸುಪುಸ್ತಕದಲ್ಲಿಯೇ ಒಂದು ಪುಟ ಬಿಟ್ಟು ಅಲ್ಲಿ ಮೊಹರು ಒತ್ತಿದರೂ ಆದೀತು. ಇದಕ್ಕೆ ಕಾನೂನಿನ ತಿದ್ದುಪಡಿ ಬೇಡ. ಮಹಾಸಭೆಯ ಒಂದು ನಿರ್ಣಯ ಸಾಕು. ಖರ್ಚು ಒಂದು ಮೊಹರು, ಒಂದು ಮಸಿಯ ಪ್ಯಾಡು. ಪುಸ್ತಕದಲ್ಲಿ ರುಜು ಇಲ್ಲವೆಂದು ಯಾರಾದರೂ ಹೇಳಿದಾಗ, ಸದಸ್ಯನ ಕೈಯಲ್ಲಿ ತೋರಿಸುವುದಕ್ಕೆ ಒಂದು ಆಧಾರವಿರುತ್ತದೆ. ಇದರೊಡನೆ ಇನ್ನೆರಡು ಕೆಲಸಗಳಾಗಬೇಕು. ವರ್ಷವರ್ಷವೂ ಮಹಾಸಭೆ ಮುಗಿದ ತಿಂಗಳೊಳಗೆ, ಯಾರ ಹಾಜರಿ ಎಷ್ಟು, ಯಾರಿಗೆ ಎಷ್ಟು ಕೊರತೆ ಎಂಬ ಪಟ್ಟಿಯನ್ನು ಹಾಲು ಅಳೆಯುವ ಕಿಟಕಿಯ ಬಳಿ ಹಾಕಬೇಕು. ಐದನೆಯ ವರ್ಷದ ಕೊನೆಗೆ ಅಲ್ಲ. ಕರಡು ಪಟ್ಟಿ ಬಂದಾಗ ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದಬೇಕು.

ಓದುವವರು ಯಾರು ಎಂದರೆ, ನಾವು. ಎರಡು ದಿನ ಮುಂಜಾನೆ ಅರ್ಧ ಗಂಟೆ ಡೈರಿಯ ಮುಂದೆ ನಿಂತು ಹೆಸರುಗಳನ್ನು ಓದಿ, ಬಿಟ್ಟುಹೋದವರಿಗೆ ಆಕ್ಷೇಪಣೆಯ ಅರ್ಜಿ ಬರೆದುಕೊಡುವುದು ಕಾಲೇಜಿನಲ್ಲಿ ಓದುವ ಯಾವ ಹುಡುಗನಿಗೂ ಹುಡುಗಿಗೂ ಕಷ್ಟದ ಕೆಲಸವಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುವ ಪ್ರಾತಿನಿಧ್ಯದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಯಾವುದಿದೆ?

ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ಸುತ್ತಮುತ್ತಲಿನ ಹಳ್ಳಿಗಳ ಗುಡಿಸಲುಗಳಲ್ಲಿ ಮಾತ್ರ ಬಹುಕಾಲ ಬುಡ್ಡಿ ದೀಪವೇ ಇತ್ತು. ಶಕ್ತಿ ಹುಟ್ಟುವ ಕಡೆಯೇ ಬೆಳಕು ಇಲ್ಲದಿರುವುದು ನಮ್ಮ ಸೀಮೆಗೆ ಹೊಸದಲ್ಲ. ಸಂಘದ ಶಕ್ತಿ ಹುಟ್ಟುವುದು ಹಾಲು ಕರೆಯುವ ಕೈಗಳಲ್ಲಿ. ಆ ಕೈಗಳಿಗೆ ಮತಚೀಟಿ ತಲಪುವಂತೆ ಮಾಡುವುದು ಅಷ್ಟೇನೂ ದೂರದ ಕೆಲಸವಲ್ಲ.

ಮುಂದಿನ ಮಹಾಸಭೆಗೆ ಅತ್ತೆ ಜಗುಲಿಯ ಮೇಲೆ ಕೂರಲಿಲ್ಲ. ನಾಲ್ಕು ಮಂದಿ ಹೆಂಗಸರನ್ನು ಕರೆದುಕೊಂಡು ಒಳಕ್ಕೆ ಹೋಗಿ, ಪುಸ್ತಕ ಎಲ್ಲಿದೆಯೆಂದು ಕೇಳಿ, ಎಲ್ಲರ ರುಜುವನ್ನೂ ಹಾಕಿಸಿಕೊಂಡೇ ಬಂದರು. ಹಾಲಿನ ಚೀಟಿಗಳನ್ನು ಇಟ್ಟಿದ್ದ ಡಬ್ಬಿಯನ್ನು ನನಗೆ ತೋರಿಸಿ, "ಇದ್ರೊಳ್ಗೆ ಅದಕ್ಕೂ ಒಂದು ಚೀಟಿ ಇದ್ದಿದ್ರೆ ಆಯ್ತಿತ್ತಲ್ಲಪ್ಪ?" ಎಂದರು. ಈ ಲೇಖನದ ಮುಖ್ಯ ಸೂಚನೆ ಅವರದೇ. ನಾನು ಬರೆದುಕೊಟ್ಟಿದ್ದೇನೆ, ಅಷ್ಟೆ.